ಬಿಡುವಿನ ದಿನ ಕೈ ಏನು ಮಾಡುತ್ತಿತ್ತು: ಹಿಡಿತದ ತರಬೇತಿಯ ಒಂದು ಪ್ರಕರಣ

ಕಳೆದ ವರ್ಷ ಆಗಸ್ಟ್ ಎರಡನೆಯ ವಾರದಲ್ಲಿ ದಾವಣಗೆರೆಯ ನನ್ನ ಫಿಸಿಯೋಥೆರಪಿ ಕೇಂದ್ರಕ್ಕೆ 27 ವರ್ಷದ ದ್ವಿಚಕ್ರ ವಾಹನ ಮೆಕ್ಯಾನಿಕ್ ಒಬ್ಬರು ಬಂದರು. ಬಲ ಮೊಣಕೈಯ ಹೊರಬದಿಯಲ್ಲಿ ಏಳು ವಾರಗಳಿಂದ ನೋವಿತ್ತು. ಬೆಳಿಗ್ಗೆ ಸ್ನಾನಕ್ಕೆ ಹೋದಾಗ ನೀರು ತುಂಬಿದ ತಂಬಿಗೆಯನ್ನು ತೋಳು ಚಾಚಿ ಎತ್ತಿದರೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಚುಳಕ್ ಎಂದು ಎಳೆದು, ಕೈ ಸೋತು, ತಂಬಿಗೆ ಜಾರಿ ಬೀಳುತ್ತಿತ್ತು. ಆದರೆ ಅವರು ನನ್ನ ಮುಂದಿಟ್ಟ ಮುಖ್ಯ ದೂರು ನೋವಿನದಲ್ಲ. "ಸರ್, ದಿನಾ ಗ್ರಿಪ್ಪರ್ ಒತ್ತಿದ್ರೂ ಹಿಡಿತ ಜಾಸ್ತಿ ಆಗ್ತಿಲ್ಲ, ಕಡಿಮೆ ಆಗ್ತೈತಿ" ಎಂದರು. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಲು ಆ ಮಾತೇ ಕಾರಣ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಗ್ಯಾರೇಜಿನ ವಿವರ ಯಾವುದನ್ನೂ ಕೊಡುವುದಿಲ್ಲ.

ಅವರು ಸಣ್ಣಂದಿನಿಂದ ಗರಡಿಗೆ ಹೋದವರು. ನಗರದೇವತೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ; ಆ ಸಂದರ್ಭದ ಬಯಲು ಕುಸ್ತಿಯಲ್ಲಿ ಇಳಿಯಬೇಕೆಂಬುದು ಅವರ ಬಹುದಿನದ ಆಸೆ. ಹಿಂದಿನ ಸಲ ಎದುರಾಳಿಯ ಮಣಿಕಟ್ಟು ಕೈಗೆ ಸಿಕ್ಕರೂ ಹಿಡಿದು ನಿಲ್ಲಿಸಲಾಗದೆ ಸೋತಿದ್ದರು. ಆ ಸೋಲಿನ ನಂತರ ಹಿಡಿತವನ್ನೇ ಗಟ್ಟಿ ಮಾಡಬೇಕೆಂದು ನಿರ್ಧರಿಸಿ, ಅಮೆರಿಕದ ಐರನ್‌ಮೈಂಡ್ ಕಂಪನಿಯ ಕ್ಯಾಪ್ಟನ್ಸ್ ಆಫ್ ಕ್ರಷ್ ಎಂಬ ಸ್ಪ್ರಿಂಗ್ ಗ್ರಿಪ್ಪರ್‌ಗಳನ್ನು ತರಿಸಿಕೊಂಡಿದ್ದರು. ಇವುಗಳನ್ನು ಪೌಂಡ್ ಲೆಕ್ಕದಲ್ಲಿ ಗುರುತಿಸುತ್ತಾರೆ: 60 ಪೌಂಡಿನ ಗೈಡ್, 100 ಪೌಂಡಿನ ಟ್ರೈನರ್, 140 ಪೌಂಡಿನ ನಂಬರ್ 1, 195 ಪೌಂಡಿನ ನಂಬರ್ 2, ಹೀಗೆ. ಟ್ರೈನರ್ ಅನ್ನು ಹತ್ತು ಸಲ ಒತ್ತಿ ಎರಡು ಹಿಡಿಗಳನ್ನು ಕೂಡಿಸಬಲ್ಲವರಾಗಿದ್ದ ಅವರಿಗೆ ನಂಬರ್ 1 ಮಾತ್ರ ಬೆರಳಗಲದಷ್ಟು ಅಂತರ ಉಳಿದೇ ಉಳಿಯುತ್ತಿತ್ತು. ಆ ಅಂತರವನ್ನು ಮುಚ್ಚಲೆಂದು ವಾರಕ್ಕೆ ಆರು ದಿನ, ಗ್ಯಾರೇಜ್ ಬಾಗಿಲು ಹಾಕಿದ ಮೇಲೆ, ಸರಣಿಗಳ (ಸೆಟ್‌ಗಳ) ನಡುವೆ ಅರ್ಧ ನಿಮಿಷವೂ ನಿಲ್ಲದೆ ಒತ್ತುತ್ತಿದ್ದರು. ಮೊದಲ ಮೂರು ವಾರ ಬಲ ಏರಿತು. ಆರನೆಯ ವಾರದಿಂದ ಇಳಿಯತೊಡಗಿತು. ಇಳಿದಷ್ಟೂ ಅವರು ಹೆಚ್ಚು ಒತ್ತಿದರು.

ಪರೀಕ್ಷೆಯಲ್ಲಿ ಕಂಡದ್ದು ಹೀಗಿತ್ತು. ಮೊಣಕೈಯ ಹೊರಗಂಟಿನ ಸ್ವಲ್ಪ ಮುಂದೆ ಬೆರಳಿನಿಂದ ಒತ್ತಿದರೆ ತೀವ್ರ ನೋವು. ಮುಷ್ಟಿ ಕಟ್ಟಿಸಿ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಲು ಹೇಳಿ ನಾನು ಅದನ್ನು ತಡೆದಾಗ ಅದೇ ಜಾಗದಲ್ಲಿ ನೋವು. ಕತ್ತಿನ ಚಲನೆ ಸರಿಯಿತ್ತು, ಬೆರಳುಗಳಲ್ಲಿ ಜೋಮು ಇರಲಿಲ್ಲ, ರಾತ್ರಿ ಕೈ ಮರಗಟ್ಟಿ ಎಚ್ಚರವಾಗುವ ಲಕ್ಷಣವೂ ಇರಲಿಲ್ಲ. ಹಾಗಾಗಿ ಕತ್ತಿನ ನರದ ಅಥವಾ ಮಣಿಕಟ್ಟಿನ ನರದ ಒತ್ತಡವೆಂದು ಶಂಕಿಸುವ ಕಾರಣ ಕಾಣಲಿಲ್ಲ. ಜನ ಟೆನಿಸ್ ಎಲ್ಬೋ ಎಂದು ಕರೆಯುವ ತೊಂದರೆ ಇದು. ಟೆನಿಸ್ ಬ್ಯಾಟನ್ನು ಜೀವನದಲ್ಲಿ ಮುಟ್ಟದವರಲ್ಲೇ ನಾನು ಇದನ್ನು ಹೆಚ್ಚಾಗಿ ನೋಡಿದ್ದೇನೆ.

ಹಿಡಿತದ ಬಲ ಅಳೆಯುವ ಡೈನಮೋಮೀಟರಿನಲ್ಲಿ ಎರಡು ಬಗೆಯ ಅಳತೆ ತೆಗೆದೆ. ಮೊದಲನೆಯದು ರೂಢಿಯ ಅಳತೆ: ಕುರ್ಚಿಯಲ್ಲಿ ಕೂರಿಸಿ, ಮೊಣಕೈಯನ್ನು 90 ಡಿಗ್ರಿ ಮಡಚಿಸಿ, ಶಕ್ತಿಯಿದ್ದಷ್ಟು ಮೂರು ಸಲ ಒತ್ತಿಸಿ ಸರಾಸರಿ ತೆಗೆಯುವುದು. ಬಲಗೈ 46 ಕಿಲೋ, ಎಡಗೈ 48 ಕಿಲೋ. ಬಲಗೈ ಬಳಸುವ ಮೆಕ್ಯಾನಿಕ್ ಒಬ್ಬರಲ್ಲಿ ಎಡಗೈಯೇ ಮೇಲಾಗಿದ್ದುದು ಗಮನಿಸಬೇಕಾದ ಸಂಗತಿ. ಎರಡನೆಯದು ನೋವಿಲ್ಲದ ಹಿಡಿತದ ಅಳತೆ. ಇಲ್ಲಿ ತೋಳನ್ನು ನೇರವಾಗಿ ಚಾಚಿಸಿ, ನಿಧಾನವಾಗಿ ಒತ್ತುತ್ತಾ ಹೋಗಿ ನೋವು ಶುರುವಾದ ಕ್ಷಣಕ್ಕೆ ನಿಲ್ಲಿಸಲು ಹೇಳುತ್ತೇವೆ. ಅದು ಬಲಗೈಯಲ್ಲಿ 21 ಕಿಲೋ. ಈ ತೊಂದರೆಯಲ್ಲಿ ಚೇತರಿಕೆಯನ್ನು ತಿಳಿಸುವುದು ಎರಡನೆಯ ಅಂಕಿಯೇ. ಮೊದಲನೆಯದು ಹಟವಿದ್ದವರಲ್ಲಿ ನೋವಿನ ನಡುವೆಯೂ ಏರಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಮುಂದೆ ಈ ಬರಹದಲ್ಲಿ ಕಿಲೋ ಎಂದು ಮಾತ್ರ ಹೇಳಿದಾಗ ನೋವಿಲ್ಲದ ಹಿಡಿತವೆಂದೇ ತಿಳಿಯಬೇಕು.

ಗ್ರಿಪ್ಪರ್ ಒತ್ತುವುದು ಬೆರಳು ಮಡಚುವ ಕೆಲಸ, ಆ ಸ್ನಾಯುಗಳಿರುವುದು ಮುಂಗೈಯ ಒಳಬದಿಯಲ್ಲಿ. ಹಾಗಿರುವಾಗ ನೋವು ಹೊರಬದಿಯಲ್ಲೇಕೆ ಎಂದು ಅವರು ಕೇಳಿದರು. ಒಳ್ಳೆಯ ಪ್ರಶ್ನೆ. ಬೆರಳುಗಳೊಳಗೆ ಅವನ್ನು ಮಡಚುವ ಸ್ನಾಯುಗಳೇ ಇಲ್ಲ. ಮುಂಗೈಯ ಸ್ನಾಯುಗಳು ಉದ್ದನೆಯ ರಜ್ಜುಗಳ (ಸ್ನಾಯುವನ್ನು ಮೂಳೆಗೆ ಜೋಡಿಸುವ ಗಟ್ಟಿ ನಾರುಗಳ) ಮೂಲಕ, ದೂರದಿಂದ ದಾರ ಎಳೆದಂತೆ, ಬೆರಳುಗಳನ್ನು ಎಳೆಯುತ್ತವೆ. ಆ ರಜ್ಜುಗಳು ಮಣಿಕಟ್ಟನ್ನು ದಾಟಿ ಹೋಗುವುದರಿಂದ, ತಡೆಯುವವರಿಲ್ಲದಿದ್ದರೆ ಮಣಿಕಟ್ಟೂ ಒಳಕ್ಕೆ ಬಾಗುತ್ತದೆ, ಬಾಗಿದ ಮಣಿಕಟ್ಟಿನಲ್ಲಿ ಹಿಡಿತ ಸಡಿಲವಾಗುತ್ತದೆ. ಯಾರು ಬೇಕಾದರೂ ಈಗಲೇ ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಾಗಿಸಿ ಮುಷ್ಟಿ ಕಟ್ಟಿ ನೋಡಬಹುದು. ಮುಷ್ಟಿ ಬಿಗಿಯುವುದೇ ಇಲ್ಲ. ಮಣಿಕಟ್ಟು ಬಾಗದಂತೆ ಹಿಂದಿನಿಂದ ಎಳೆದು ನಿಲ್ಲಿಸುವ ಕೆಲಸ ಮುಂಗೈಯ ಹೊರಬದಿಯ ಸ್ನಾಯುಗಳದು, ಅವುಗಳ ಬೇರು ಮೊಣಕೈಯ ಹೊರಗಂಟಿನಲ್ಲಿದೆ. ಅಂದರೆ ಪ್ರತಿಯೊಂದು ಬಿಗಿ ಹಿಡಿತಕ್ಕೂ ಒಳಬದಿ ದುಡಿದಂತೆ ಹೊರಬದಿಯೂ ದುಡಿಯುತ್ತದೆ. ಒಳಬದಿಯ ಸ್ನಾಯುಗಳು ದಪ್ಪ, ಹೊರಬದಿಯವು ತೆಳು. ಮೊದಲು ಸೋಲುವುದು ತೆಳುವಾದದ್ದೇ.

ಬಿಡುವಿನ ವಿಷಯ ಬರುವುದು ಇಲ್ಲಿಂದ. ಕಠಿಣ ವ್ಯಾಯಾಮದ ನಂತರ ಸ್ನಾಯು ತನ್ನನ್ನು ಕಟ್ಟಿಕೊಳ್ಳುವ ಕೆಲಸ 24ರಿಂದ 48 ಗಂಟೆಗಳ ಕಾಲ ಚುರುಕಾಗಿರುತ್ತದೆ. ರಜ್ಜುವಿನದು ಬೇರೆ ನಡೆ. ಅದರ ಮುಖ್ಯ ಎಳೆಯಾದ ಕೊಲಾಜನ್ ಮೊದಲ 24ರಿಂದ 36 ಗಂಟೆಗಳಲ್ಲಿ ಕಟ್ಟುವುದಕ್ಕಿಂತ ಹೆಚ್ಚಾಗಿ ಕಳಚುತ್ತದೆ. ಆ ಅವಧಿ ದಾಟಿದ ಮೇಲೆ ಕಟ್ಟುವಿಕೆ ಮೇಲುಗೈ ಪಡೆಯುತ್ತದೆ. ಕಳಚುವ ಹೊತ್ತಿನಲ್ಲೇ ಮತ್ತೆ ಭಾರ ಬಿದ್ದು, ಅದು ದಿನವೂ ಮರುಕಳಿಸುತ್ತಿದ್ದರೆ, ರಜ್ಜು ಕಟ್ಟಿಕೊಳ್ಳುವ ಸರದಿ ಬರುವುದೇ ಇಲ್ಲ. ರಜ್ಜುವಿಗೆ ರಕ್ತಸಂಚಾರವೂ ಸ್ನಾಯುವಿಗಿಂತ ಕಡಿಮೆ. ಆದ್ದರಿಂದ ಮೆಕ್ಯಾನಿಕ್‌ರ ಅನುಭವಕ್ಕೆ ಅರ್ಥವಿತ್ತು: ಮೊದಲ ಮೂರು ವಾರ ಬಲ ಏರಿದ್ದು ಸ್ನಾಯು ಮತ್ತು ನರಗಳ ಹೊಂದಾಣಿಕೆಯಿಂದ, ಆಮೇಲೆ ಇಳಿದದ್ದು ರಜ್ಜು ಹಿಂದೆ ಬಿದ್ದದ್ದರಿಂದ.

ಅವರಿಗೆ ಅದಾಗಲೇ ಒಂದು ಕಡೆ ಸ್ಟೀರಾಯ್ಡ್ ಚುಚ್ಚುಮದ್ದಿನ ಸಲಹೆ ಸಿಕ್ಕಿತ್ತು. ಅದರ ಬಗ್ಗೆ ನಾನು ನೇರವಾಗಿಯೇ ಮಾತನಾಡಿದೆ. ಆಸ್ಟ್ರೇಲಿಯಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ, 165 ಜನರ ಮೇಲಿನ ಅಧ್ಯಯನದಲ್ಲಿ, ಚುಚ್ಚುಮದ್ದು ಪಡೆದವರು ಒಂದು ವರ್ಷದ ನಂತರ ಪಡೆಯದವರಿಗಿಂತ ಚೇತರಿಕೆಯಲ್ಲಿ ಹಿಂದಿದ್ದರು, ನೋವು ಮರುಕಳಿಸಿದವರೂ ಅವರಲ್ಲೇ ಹೆಚ್ಚು. ಮೊದಲ ಕೆಲವು ವಾರಗಳ ಹಿತ ಮಾತ್ರ ನಿಜ. ಜಾತ್ರೆಗೆ ಇನ್ನೂ ತಿಂಗಳುಗಳಿದ್ದವು. ಅವಸರದ ಹಿತಕ್ಕಿಂತ ಕಾಯುವುದೇ ಮೇಲೆಂದು ಅವರೇ ತೀರ್ಮಾನಿಸಿದರು.

ಇನ್ನು ನನ್ನ ಮೊದಲ ಯೋಜನೆ. ಗ್ರಿಪ್ಪರ್ ಅನ್ನು ಪೂರ್ತಿ ಬಿಡಿಸಲಿಲ್ಲ, ಬಿಡಿಸಿದರೆ ಅವರು ಬಿಡುವವರಲ್ಲವೆಂದು ಅನಿಸಿತು. ಸೋಮವಾರ, ಬುಧವಾರ, ಶುಕ್ರವಾರ ಮಾತ್ರ, ಅದೂ 60 ಪೌಂಡಿನ ಗೈಡ್. ಸರಣಿಗಳ ನಡುವೆ ಮೂರು ನಿಮಿಷ ಕುಳಿತುಕೊಳ್ಳಬೇಕು. ಉಳಿದ ನಾಲ್ಕು ದಿನ ಬಿಡುವು. ಕುಸ್ತಿ ಬೇಡ. ಮೂರು ನಿಮಿಷದ ಮಾತನ್ನು ಇಲ್ಲಿ ಬೇಗ ಮುಗಿಸುತ್ತೇನೆ: ಬಿಗಿ ಒತ್ತುವಿಕೆಗೆ ಸ್ನಾಯು ಬಳಸುವ ತಕ್ಷಣದ ಇಂಧನ ಅರ್ಧ ನಿಮಿಷದಲ್ಲಿ ಅರ್ಧದಷ್ಟು ಮಾತ್ರ ತುಂಬುತ್ತದೆ, ಬಹುಪಾಲು ತುಂಬಲು ಮೂರರಿಂದ ಐದು ನಿಮಿಷ ಬೇಕು. ಅರ್ಧ ನಿಮಿಷದ ಅಂತರದಲ್ಲಿ ಒತ್ತುವವರು ದಣಿವನ್ನು ಅಭ್ಯಾಸ ಮಾಡುತ್ತಾರೆ, ಬಲವನ್ನಲ್ಲ. ಇದನ್ನು ಅವರು ಮೊದಲ ದಿನವೇ ಒಪ್ಪಿ ಪಾಲಿಸಿದರು. ಇದರಿಂದ ತೊಂದರೆಯೇನೂ ಬರಲಿಲ್ಲ.

ಮೂರು ವಾರ ಕಳೆದು ಅಳತೆ ತೆಗೆದಾಗ 22 ಕಿಲೋ. ಒಂದು ಕಿಲೋ ವ್ಯತ್ಯಾಸ ಅಳತೆಯ ಏರುಪೇರಿನಲ್ಲೇ ಮುಚ್ಚಿಹೋಗುವಷ್ಟು ಸಣ್ಣದು. ತಂಬಿಗೆ ಈಗಲೂ ಜಾರುತ್ತಿತ್ತು. ಹೇಳಿದ್ದನ್ನು ಅವರು ಪಾಲಿಸುತ್ತಿಲ್ಲವೇನೋ ಎಂಬ ಅನುಮಾನ ನನಗೆ ಬಂತು, ಕೇಳಿಯೂ ಬಿಟ್ಟೆ. ಅವರು ನೊಂದುಕೊಂಡರು. "ನಾಲ್ಕು ದಿನ ಗ್ರಿಪ್ಪರ್ ಮುಟ್ಟಿಲ್ಲ ಸರ್, ದೇವರಾಣೆ" ಎಂದರು. ಅದು ನಿಜವೇ ಆಗಿತ್ತು. ತಪ್ಪಿದ್ದುದು ನನ್ನ ಪ್ರಶ್ನೆಯಲ್ಲಿ. ಆ ನಾಲ್ಕು ದಿನ ಗ್ರಿಪ್ಪರ್ ಮುಟ್ಟಿದ್ದೀರಾ ಎಂದು ಕೇಳಿದೆನೇ ಹೊರತು, ಆ ನಾಲ್ಕು ದಿನ ಕೈ ಏನೇನು ಮಾಡಿತು ಎಂದು ಕೇಳಲಿಲ್ಲ.

ಅದನ್ನು ಕೇಳಿಸಿದವರು ಅವರ ತಂದೆ. ಹೊನ್ನಾಳಿ ಕಡೆಯ ರೈತರು. ಅಂದು ಮಗನ ಜೊತೆ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದರು. ನಮ್ಮ ಭಾಗದಲ್ಲಿ ಸೋಮವಾರ ಎತ್ತುಗಳಿಗೆ ನೊಗ ಹೂಡುವುದಿಲ್ಲ, ಅದು ಬಸವಣ್ಣನ ವಾರ. ನಮ್ಮ ಮಾತುಕತೆಯನ್ನೆಲ್ಲ ಕೇಳಿಸಿಕೊಂಡು ಅವರು ಹೇಳಿದ್ದಿಷ್ಟು: "ಡಾಕ್ಟ್ರೇ, ಸೋಮವಾರ ನೇಗಿಲು ಹೂಡಲ್ಲ ಅಂತ ಹೇಳಿ ಎತ್ತನ್ನ ಗಾಡಿಗೆ ಕಟ್ಟಿದ್ರೆ ಅದು ಸೋಮವಾರ ಹೆಂಗಾತು ರೀ? ಇವ್ನು ದಿನಾ ಹೊತ್ತು ಮುಳುಗಾತನ ಪಾನ (ಸ್ಪ್ಯಾನರ್) ತಿರುವ್ತಾನಲ್ಲ." ಇಪ್ಪತ್ತು ವರ್ಷಗಳ ವೃತ್ತಿಯಲ್ಲಿ ರೋಗಿಯ ಮನೆಯವರಿಂದ ಇಷ್ಟು ನಿಖರವಾದ ರೋಗನಿದಾನವನ್ನು ನಾನು ಕೇಳಿಲ್ಲ.

ಮರುವಾರ ಸೋಮವಾರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ನಾನು ಆ ಗ್ಯಾರೇಜಿನಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತೆ. ಭಾನುವಾರ ಅಂಗಡಿ ಮುಚ್ಚಿರುವುದರಿಂದ ಎರಡು ದಿನದ ಗಾಡಿಗಳು ಸೋಮವಾರ ಸೇರಿ ಬರುತ್ತವೆ. ಅವರ ಬಲಗೈಯ ಗೆಣ್ಣುಗಳು ಬಿಳಿಚಿಕೊಳ್ಳುವಷ್ಟು ಬಿಗಿಯಾದ ಹಿಡಿತವನ್ನು ಮಾತ್ರ ಎಣಿಸುತ್ತಾ ಹೋದೆ. ಮೂರು ಗಂಟೆಗಳಲ್ಲಿ 212. ಹಿಂದಿನ ಚಕ್ರದ ತುಕ್ಕು ಹಿಡಿದ ನಟ್ಟು, ಆಯಿಲ್ ಬದಲಿಸುವ ಬೋಲ್ಟು, ಟಯರ್ ಬಿಚ್ಚುವ ಲಿವರ್, ಕ್ಲಚ್ ಕೇಬಲ್ ಎಳೆದು ಸಿಕ್ಕಿಸುವಾಗಿನ ಇಕ್ಕಳ. ಇವುಗಳ ನಡುವೆ, ಸರಿಪಡಿಸಿದ ಪ್ರತಿ ಗಾಡಿಯ ಕ್ಲಚ್ಚನ್ನು ಹತ್ತಾರು ಸಲ ಒತ್ತಿ ನೋಡುವುದು. ಗ್ರಿಪ್ಪರ್ ಅಭ್ಯಾಸದಲ್ಲಿ ನಾನು ಅವರಿಗೆ ಬರೆದುಕೊಟ್ಟದ್ದು ದಿನಕ್ಕೆ 30 ಒತ್ತುವಿಕೆ.

ಇನ್ನೊಂದು ಸಂಗತಿ ಹತ್ತಿರದಿಂದ ನೋಡದಿದ್ದರೆ ತಿಳಿಯುತ್ತಿರಲಿಲ್ಲ. ಅವರ ಅಂಗೈ ಸದಾ ಆಯಿಲ್‌ನಿಂದ ಜಿಡ್ಡಾಗಿರುತ್ತಿತ್ತು, ಸ್ಪ್ಯಾನರಿನ ಹಿಡಿಯೂ ಹಾಗೆಯೇ. ಜಿಡ್ಡಿನ ಹಿಡಿ ಜಾರದಿರಲು ಒಣ ಹಿಡಿಗಿಂತ ಹೆಚ್ಚು ಬಿಗಿಯಾಗಿ ಹಿಡಿಯಬೇಕು. ಅವರು ಹಾಗೆ ಬಿಗಿಹಿಡಿಯುವುದು ಅವರ ಅರಿವಿಗೇ ಬಾರದಷ್ಟು ರೂಢಿಯಾಗಿತ್ತು. ನಟ್ಟು ಸಡಿಲವಾದ ಮೇಲೂ, ಬೆರಳ ತುದಿಯಲ್ಲಿ ತಿರುಗಿಸಬಹುದಾದಾಗಲೂ, ಮುಷ್ಟಿ ಸಡಿಲವಾಗುತ್ತಿರಲಿಲ್ಲ. ಪಕ್ಕದಲ್ಲಿದ್ದ ಹುಡುಗ ಟೀ ತಂದುಕೊಟ್ಟಾಗ, ಆ ಗ್ಲಾಸನ್ನು ಅವರು ಸ್ಪ್ಯಾನರ್ ಹಿಡಿದಂತೆಯೇ ಹಿಡಿದಿದ್ದರು. ಮುಂಗೈಯ ಹೊರಬದಿಯ ಸ್ನಾಯು ಆಗಲೂ ಹಗ್ಗದಂತೆ ಎದ್ದು ಕಾಣುತ್ತಿತ್ತು.

ಗರಡಿಯ ಸಂಗತಿಯೂ ಅಂದೇ ಹೊರಬಂತು. ಕುಸ್ತಿ ಬೇಡ ಎಂದಿದ್ದನ್ನು ಅವರು ಚಾಚೂ ತಪ್ಪದೆ ಪಾಲಿಸಿದ್ದರು. ಆದರೆ ಮಂಗಳವಾರ ಮತ್ತು ಶನಿವಾರ ಗರಡಿಗೆ ಹೋಗಿ, ಕುಸ್ತಿಯ ಅಖಾಡಕ್ಕೆ ಇಳಿಯದಿದ್ದರೂ ಸುಮ್ಮನೆ ಕೂರಲಾಗದೆ, ಹಗ್ಗ ಹತ್ತುತ್ತಿದ್ದರು. ಹಗ್ಗ ಹತ್ತುವುದು ಕುಸ್ತಿಯಲ್ಲವಲ್ಲ. ಹಿಡಿತದ ದೃಷ್ಟಿಯಿಂದ ಅದು ಕುಸ್ತಿಗಿಂತ ಭಾರ, ಇಡೀ ಮೈಯ ತೂಕ ಬೆರಳುಗಳ ಮೇಲೆ ಬೀಳುತ್ತದೆ. ತಪ್ಪು ಅವರದಲ್ಲ, ನಾನು ಆಟದ ಹೆಸರು ಹೇಳಿ ಬೇಡವೆಂದೆ, ಕೈಯ ಕೆಲಸವನ್ನು ಹೇಳಲಿಲ್ಲ.

ಅಂದು ಸಂಜೆ ಇಬ್ಬರೂ ಕೂತು ಒಂದು ಲೆಕ್ಕ ಮಾಡಿದೆವು. ಇದು ಯಾವ ಪುಸ್ತಕದಿಂದಲೂ ತಂದದ್ದಲ್ಲ, ಈ ಒಂದು ಕೈಗಾಗಿ ನಾವು ಮಾಡಿಕೊಂಡ ಅಂದಾಜು. ಬೇರೆಯವರು ಇದೇ ಅಂಕಿಗಳನ್ನು ಎತ್ತಿಕೊಳ್ಳಬಾರದು. ಎಂಜಿನ್ ಬಿಚ್ಚುವ ದಿನ ಅಥವಾ ವಿಪರೀತ ಕೆಲಸವಿರುವ ದಿನಕ್ಕೆ 3 ಅಂಕ, ಸಾಧಾರಣ ಸರ್ವಿಸ್ ಕೆಲಸದ ದಿನಕ್ಕೆ 2, ವೈರಿಂಗ್, ಕಾರ್ಬ್ಯುರೇಟರ್ ತೊಳೆಯುವುದು, ಟ್ಯೂನಿಂಗ್ ಇಂಥ ಹಗುರ ಕೆಲಸದ ದಿನಕ್ಕೆ 1. ಹಗ್ಗ ಹತ್ತುವುದು ಅಥವಾ ಪಟ್ಟು ಹಿಡಿಯುವ ಅಭ್ಯಾಸ 3. ಹಗುರ ಗ್ರಿಪ್ಪರ್ 2, ಭಾರದ ಗ್ರಿಪ್ಪರ್ 3. ಊರಿಗೆ ಬೈಕ್ ಓಡಿಸಿಕೊಂಡು ಹೋಗಿಬರುವುದು, ಬಟ್ಟೆ ಹಿಂಡುವುದು, ಕೊಡಪಾನ ಹೊರುವುದು, ಒಂದೊಂದಕ್ಕೂ 1.

ನಾನು ಬಿಡುವು ಕೊಟ್ಟೆನೆಂದುಕೊಂಡಿದ್ದ ಆ ಮೂರು ವಾರಗಳ ಒಂದು ವಾರವನ್ನು ಈ ಲೆಕ್ಕಕ್ಕೆ ಹಾಕಿದಾಗ ಸೋಮವಾರ 5, ಮಂಗಳವಾರ 5, ಬುಧವಾರ 4, ಗುರುವಾರ 2, ಶುಕ್ರವಾರ 4, ಶನಿವಾರ 6, ಭಾನುವಾರ 1 ಬಂತು. ಒಟ್ಟು 27. ಅದರಲ್ಲಿ ಗ್ರಿಪ್ಪರಿನ ಪಾಲು ಬರೀ 6. ನನ್ನ ಕಾಗದದಲ್ಲಿ ಬಿಡುವೆಂದು ಬರೆದಿದ್ದ ಮಂಗಳವಾರ ಮತ್ತು ಶನಿವಾರಗಳು ವಾರದ ಅತಿ ಭಾರದ ದಿನಗಳ ಸಾಲಿನಲ್ಲಿದ್ದವು. ಕೈಗೆ ನಿಜವಾಗಿ ಸಿಕ್ಕ ಬಿಡುವು ಭಾನುವಾರದ ಒಂದೇ ಹೊತ್ತು, ಅದರಲ್ಲೂ ಊರಿಗೆ ಹೋಗಿಬರುವ ಬೈಕ್ ಸವಾರಿ.

ಎರಡನೆಯ ಯೋಜನೆಯನ್ನು ಗ್ಯಾರೇಜಿನ ಮಾಲೀಕರನ್ನೂ ಕೂರಿಸಿಕೊಂಡೇ ಮಾಡಿದೆವು, ಅವರ ಸಹಕಾರವಿಲ್ಲದೆ ಇದು ಆಗುತ್ತಿರಲಿಲ್ಲ. ಕೈಚಳಕದ ಕೆಲಸಗಾರನ ಕೈ ಹೋದರೆ ತಮ್ಮ ಅಂಗಡಿಗೇ ನಷ್ಟವೆಂದು ಅವರು ಬೇಗನೆ ಒಪ್ಪಿದರು. ಸೋಮವಾರ, ಬುಧವಾರ, ಗುರುವಾರ ಮೆಕ್ಯಾನಿಕ್‌ಗೆ ವೈರಿಂಗ್ ಮತ್ತು ಟ್ಯೂನಿಂಗ್ ಕೆಲಸ. ಉಳಿದ ಮೂರು ದಿನ ಸಾಧಾರಣ ಸರ್ವಿಸ್. ಎಂಜಿನ್ ಬಿಚ್ಚುವುದು ಸದ್ಯಕ್ಕೆ ಬೇರೆಯವರದು. ಗರಡಿಯಲ್ಲಿ ಬಸ್ಕಿ ಮಾತ್ರ. ಗ್ರಿಪ್ಪರ್ ಪೆಟ್ಟಿಗೆಯೊಳಗೆ. ಅದರ ಬದಲಿಗೆ ಭಾನುವಾರ ಮತ್ತು ಬುಧವಾರ ಸಂಜೆ ಎರಡು ವ್ಯಾಯಾಮ: ಸುತ್ತಿದ ಟವೆಲನ್ನು ನೋವು ಬಾರದಷ್ಟು ಬಲದಲ್ಲಿ 45 ಸೆಕೆಂಡು ಹಿಡಿದಿಟ್ಟುಕೊಳ್ಳುವುದು ಐದು ಸಲ, ಪ್ರತಿ ಸಲದ ನಡುವೆ ಎರಡು ನಿಮಿಷ; ಆಮೇಲೆ ಒಂದು ಲೀಟರ್ ನೀರಿನ ಬಾಟಲಿಯನ್ನು ಬಲಗೈಯಲ್ಲಿ ಹಿಡಿದು, ಎಡಗೈಯಿಂದ ಮಣಿಕಟ್ಟನ್ನು ಮೇಲೆತ್ತಿ, ಬಲಗೈಯ ಬಲದಿಂದಲೇ ಅದನ್ನು ಬಹು ನಿಧಾನವಾಗಿ ಕೆಳಗಿಳಿಸುವುದು. ಊರಿಗೆ ಹೋಗುವುದಾದರೆ ಬಸ್ಸಿನಲ್ಲಿ. ವ್ಯಾಯಾಮದ ಸಂಜೆಗೆ 2 ಅಂಕದಂತೆ ಹಿಡಿದು ವಾರದ ಒಟ್ಟು 13 ಆಯಿತು. ಎರಡೂ ವ್ಯಾಯಾಮದ ಸಂಜೆಗಳ ಮರುದಿನ ಹಗುರ ಕೆಲಸವೇ ಬರುವಂತೆ ಜೋಡಿಸಿದ್ದರಿಂದ, ರಜ್ಜುವಿಗೆ ಬೇಕಾದ ಆ 36 ಗಂಟೆಗಳು ಹೆಚ್ಚುಕಡಿಮೆ ಸಿಕ್ಕಂತಾಯಿತು.

ಪೂರ್ತಿ ರಜೆ ಹಾಕಿಸಿ ಕೈಯನ್ನು ಕಟ್ಟಿಹಾಕಬಹುದಿತ್ತಲ್ಲ ಎಂದು ಕೆಲವರು ಕೇಳುತ್ತಾರೆ. ದಿನಗೂಲಿಯ ಮೇಲೆ ಮನೆ ನಡೆಸುವವರಿಗೆ ಆರು ವಾರದ ರಜೆ ಬರೆದುಕೊಡುವುದು ಸುಲಭ, ಅವರು ಅದನ್ನು ಪಾಲಿಸುವುದು ಸಾಧ್ಯವಿಲ್ಲ. ಅದಕ್ಕಿಂತ ಮುಖ್ಯವಾಗಿ, ರಜ್ಜು ಗಟ್ಟಿಯಾಗುವುದು ಮಿತವಾದ ಭಾರದಿಂದಲೇ. ಏನನ್ನೂ ಎತ್ತದ ಕೈ ವಾರಗಳ ನಂತರ ಮೊದಲ ನಟ್ಟಿಗೇ ಮತ್ತೆ ನೋಯುತ್ತದೆ. ಬಿಡುವೆಂದರೆ ಭಾರವೇ ಇಲ್ಲದಿರುವುದು ಎಂದು ನಾನು ತಿಳಿದಿಲ್ಲ. ಒಂದು ಭಾರಕ್ಕೂ ಇನ್ನೊಂದು ಭಾರಕ್ಕೂ ನಡುವೆ ಕಟ್ಟಿಕೊಳ್ಳುವಷ್ಟು ಹೊತ್ತು ಉಳಿಯಬೇಕು, ಅಷ್ಟೇ.

ಕೆಲಸದ ಒಳಗೇ ಮಾಡಿದ ಬದಲಾವಣೆಗಳು ಸಣ್ಣವು, ಆದರೆ ನನ್ನ ಅಂದಾಜಿನಲ್ಲಿ ವ್ಯಾಯಾಮದಷ್ಟೇ ಫಲ ಕೊಟ್ಟವು. 20 ಸೆಂಟಿಮೀಟರಿನ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ 40 ಸೆಂಟಿಮೀಟರ್ ಮಾಡಿದರೆ ಅದೇ ನಟ್ಟಿಗೆ ಅರ್ಧದಷ್ಟು ಬಲ ಸಾಕು. ಈ ಉಪಾಯ ಅವರಿಗೆ ಮೊದಲೇ ಗೊತ್ತಿತ್ತು, ಪೈಪ್ ಹಾಕುವುದು ಬಲವಿಲ್ಲದವರ ಕೆಲಸವೆಂದು ಬಳಸುತ್ತಿರಲಿಲ್ಲ. ತುಕ್ಕು ಹಿಡಿದ ನಟ್ಟಿಗೆ ಎಣ್ಣೆ ಬಿಟ್ಟು ಹತ್ತು ನಿಮಿಷ ಕಾಯುವುದು. ಪ್ರತಿ ಗಾಡಿಯ ನಂತರ ಕೈಯನ್ನೂ ಸ್ಪ್ಯಾನರನ್ನೂ ಒಣ ಬಟ್ಟೆಯಿಂದ ಒರೆಸುವುದು. ಮೊಣಕೈ ಮೈಗೆ ಹತ್ತಿರವಿಟ್ಟುಕೊಂಡು ತಿರುಗಿಸುವುದು. ಗ್ಯಾರೇಜಿನ ಗೋಡೆಯ ಕ್ಯಾಲೆಂಡರಿನಲ್ಲಿ ದಿನದ ಅಂಕವನ್ನು ಪೆನ್ಸಿಲಿನಲ್ಲಿ ಬರೆಯುವುದು, ಅದರ ಕೆಳಗೆ ಬೆಳಗಿನ ತಂಬಿಗೆಯ ಗುರುತು: ನೋವಿಲ್ಲದೆ ಎತ್ತಿದರೆ ಗೀಟು, ನೋವಿದ್ದರೆ ಸೊನ್ನೆ. ಬೆಳಿಗ್ಗೆ ಸೊನ್ನೆ ಬಿದ್ದ ದಿನ ಸಂಜೆಯ ವ್ಯಾಯಾಮ ಇಲ್ಲ ಎಂಬುದು ನಮ್ಮ ಒಪ್ಪಂದ.

ಮೂರು ವಾರಕ್ಕೆ 29 ಕಿಲೋ, ಆರು ವಾರಕ್ಕೆ 37 ಕಿಲೋ. ನಾಲ್ಕನೆಯ ವಾರದ ಕೊನೆಯಲ್ಲಿ ಮೊದಲ ಸಲ ಸತತ ಮೂರು ಗೀಟುಗಳು ಬಿದ್ದವು. ಅಂದು ಅವರು ಫೋನ್ ಮಾಡಿ, ತಂಬಿಗೆ ಎತ್ತಿ ಇಟ್ಟು, ಮತ್ತೆ ಎತ್ತಿ ನೋಡಿದೆನೆಂದು ಹೇಳಿದಾಗ ನನಗೆ ಆದ ಸಂತೋಷವನ್ನು ಬರೆಯದೆ ಬಿಡಲಾರೆ.

ಎಂಟನೆಯ ವಾರ ಎಲ್ಲವೂ ಹಿಂದಕ್ಕೆ ಹೋಯಿತು. ನವೆಂಬರ್ ಆರಂಭ, ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳದ ಸುಗ್ಗಿ. ಕೂಲಿಯವರು ಸಿಗದೆ ತಂದೆ ಕರೆದರು, ಮಗ ಭಾನುವಾರ ಮತ್ತು ಸೋಮವಾರ ಹೊಲಕ್ಕಿಳಿದು ಬೆಳಗಿನಿಂದ ಸಂಜೆಯವರೆಗೆ ತೆನೆ ಮುರಿದರು. ತೆನೆ ಮುರಿಯುವುದೆಂದರೆ ತೆನೆಯನ್ನು ಬಿಗಿಯಾಗಿ ಹಿಡಿದು ಮಣಿಕಟ್ಟನ್ನು ಕೆಳಕ್ಕೆ ತಿರುಚುವುದು, ಅದೂ ಸಾವಿರಾರು ಸಲ. ನೋವಿನ ಜಾಗಕ್ಕೆ ಇದಕ್ಕಿಂತ ಕೆಟ್ಟ ಚಲನೆಯನ್ನು ಹುಡುಕುವುದು ಕಷ್ಟ. ಕ್ಯಾಲೆಂಡರಿನಲ್ಲಿ ಭಾನುವಾರದ ಮನೆ ಖಾಲಿ ಇತ್ತು. ಗ್ಯಾರೇಜ್ ಇಲ್ಲ, ವ್ಯಾಯಾಮ ಇಲ್ಲ, ಆದ್ದರಿಂದ ಅದು ಬಿಡುವಿನ ದಿನವೆಂದೇ ಅವರು ಭಾವಿಸಿದ್ದರು. ಎತ್ತಿನ ಸೋಮವಾರದ ಮಾತು ಹೇಳಿದ ತಂದೆಗೂ, ಆ ಮಾತನ್ನು ಎಲ್ಲರಿಗೂ ಹೇಳಿಕೊಂಡು ಬಂದಿದ್ದ ಮಗನಿಗೂ ಹೊಲದ ಕೆಲಸ ಕೆಲಸವೆಂದು ಲೆಕ್ಕಕ್ಕೆ ಬರಲಿಲ್ಲ. ಅದು ಮನೆಯ ಕೆಲಸ. ಗುರುವಾರ ಅಳತೆ 30 ಕಿಲೋ.

ಆದರೂ ಈ ಹಿನ್ನಡೆ ಮೊದಲಿನದರಂತಿರಲಿಲ್ಲ. ಕಾರಣ ಕಣ್ಣೆದುರಿಗಿತ್ತು, ಆದ್ದರಿಂದ ಗಾಬರಿಯಾಗಲಿಲ್ಲ. ನಾಲ್ಕು ದಿನ 1ಕ್ಕಿಂತ ಹೆಚ್ಚು ಅಂಕವಿಲ್ಲದಂತೆ ನೋಡಿಕೊಂಡೆವು, ವ್ಯಾಯಾಮವನ್ನು ಅರ್ಧಕ್ಕೆ ಇಳಿಸಿದೆವು. ಹತ್ತು ದಿನಗಳಲ್ಲಿ ಕೈ ಮತ್ತೆ 37ಕ್ಕೆ ಬಂತು. ಏಳು ವಾರ ಹಟದಿಂದ ಕೆಡಿಸಿಕೊಂಡ ಕೈ ಸರಿಹೋಗಲು ತಿಂಗಳುಗಳು ಬೇಕಾದವು. ಎರಡು ದಿನದಲ್ಲಿ ಕೆಟ್ಟದ್ದು, ಕೂಡಲೇ ಬಿಡುವು ಸಿಕ್ಕಿದ್ದರಿಂದ ಹತ್ತು ದಿನದಲ್ಲಿ ಸರಿಹೋಯಿತು. ಮಿಕ್ಕ ತೆನೆಯನ್ನು ತಂದೆ ಯಂತ್ರದಿಂದ ಕೊಯ್ಲು ಮಾಡಿಸಿದರು.

ಡಿಸೆಂಬರ್ ಮೊದಲ ವಾರ, ಹನ್ನೆರಡನೆಯ ವಾರಕ್ಕೆ, 42 ಕಿಲೋ. ನೋವಿಲ್ಲದ ಹಿಡಿತ ಎಡಗೈಯ ಪೂರ್ಣ ಬಲದ ಶೇ 80ನ್ನು ದಾಟುವವರೆಗೆ ಗ್ರಿಪ್ಪರ್ ಇಲ್ಲವೆಂದು ನಾನು ಮೊದಲೇ ಹೇಳಿದ್ದೆ; 48ಕ್ಕೆ ಅದು 38ರ ಆಸುಪಾಸು. ಆ ಗೆರೆ ದಾಟಿ ಎರಡು ವಾರ ಅಲ್ಲೇ ನಿಂತಿದ್ದರಿಂದ ಪೆಟ್ಟಿಗೆ ತೆರೆದೆವು. ವಾರಕ್ಕೆ ಒಂದೇ ದಿನ, ಭಾನುವಾರ ಸಂಜೆ, ಶನಿವಾರ ಅಂಗಡಿ ಮುಚ್ಚಿ ಪೂರ್ತಿ ಒಂದು ಹಗಲು ಕಳೆದ ಮೇಲೆ. ಟ್ರೈನರಿನಲ್ಲಿ ಐದೈದು ಒತ್ತುವಿಕೆಯ ಮೂರು ಸರಣಿ, ನಡುವೆ ನಾಲ್ಕು ನಿಮಿಷ. ವಾರಕ್ಕೆ ಆರು ದಿನ ಒತ್ತುತ್ತಿದ್ದವರಿಗೆ ವಾರಕ್ಕೊಂದು ದಿನ ಎಂದರೆ ಅವಮಾನವೆನಿಸಿತು, ಮುಖದಲ್ಲಿ ಅದು ಕಂಡಿತು. ಆದರೆ ಅವರು ವಾದಿಸಲಿಲ್ಲ. ಕ್ಯಾಲೆಂಡರಿನ ಗೀಟುಗಳು ನನಗಿಂತ ಚೆನ್ನಾಗಿ ಮಾತನಾಡುತ್ತಿದ್ದವು. ಜನವರಿಯಲ್ಲಿ ಬುಧವಾರವನ್ನೂ ಸೇರಿಸಿ ವಾರದ ಒಟ್ಟನ್ನು 16ಕ್ಕೆ ಏರಿಸಿದೆವು. ಆ ತಿಂಗಳ ಕೊನೆಯ ಭಾನುವಾರ ನಂಬರ್ 1ರ ಎರಡು ಹಿಡಿಗಳು ಒಂದಕ್ಕೊಂದು ತಾಗಿ ಟಿಕ್ ಎಂದ ಸದ್ದನ್ನು ಅವರು ಮೊಬೈಲಿನಲ್ಲಿ ಮುದ್ರಿಸಿ ಕಳಿಸಿದರು. ಒಂದೇ ಸಲ. ಎರಡನೆಯದಕ್ಕೆ ಯತ್ನಿಸಲಿಲ್ಲವೆಂದು ಕೆಳಗೆ ಬರೆದಿದ್ದರು. ಮರುವಾರದ ಅಳತೆಯಲ್ಲಿ ಬಲಗೈಯ ಪೂರ್ಣ ಬಲ 55 ಕಿಲೋ, ನೋವಿಲ್ಲದ ಹಿಡಿತ 51.

ಜಾತ್ರೆಯ ವಿಷಯದಲ್ಲಿ ನಮ್ಮಿಬ್ಬರ ಅಭಿಪ್ರಾಯ ಬೇರೆಯಾಯಿತು. ಪಟ್ಟು ಹಿಡಿಯುವ ಅಭ್ಯಾಸ ಶುರುವಾಗಿ ಆಗಿದ್ದುದು ಮೂರೇ ವಾರ. ಈ ಸಲ ಇಳಿಯುವುದು ಬೇಡವೆಂದು ನಾನು ಹೇಳಿದೆ. ಅವರು ಉಸ್ತಾದರನ್ನು ಕೇಳಿ, ಒಂದೇ ಜೋಡಿಗೆ ಒಪ್ಪಿಕೊಂಡರು. ಅದಕ್ಕೆ ಮುಂಚಿನ ಮೂರು ದಿನ ಮತ್ತು ಅನಂತರದ ನಾಲ್ಕು ದಿನ ಗ್ಯಾರೇಜಿನಲ್ಲಿ ಹಗುರ ಕೆಲಸ ಮಾತ್ರ ಎಂಬುದನ್ನು ಮಾಲೀಕರಿಂದ ಮೊದಲೇ ಕೇಳಿ ಪಡೆದಿದ್ದರು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಕುಸ್ತಿ ಸಮಸಮವಾಗಿ ಮುಗಿಯಿತು. ಮರುದಿನ ಬೆಳಿಗ್ಗೆ ತಂಬಿಗೆ ಎತ್ತುವಾಗ ಮೊಣಕೈ ಸ್ವಲ್ಪ ಹಿಡಿದಂತಾಯಿತೆಂದು ಸೊನ್ನೆ ಹಾಕಿದರು, ಅದರ ಮರುದಿನವೂ ಸೊನ್ನೆ, ಮೂರನೆಯ ದಿನ ಗೀಟು. ಹೊರಗಂಟಿನ ಮುಂದೆ ಗಟ್ಟಿಯಾಗಿ ಒತ್ತಿದರೆ ಈಗಲೂ ಸಣ್ಣ ನೋವು ಉಳಿದಿದೆ. ಎಂಜಿನ್ ಬಿಚ್ಚುವ ಕೆಲಸವನ್ನು ವಾರಕ್ಕೊಮ್ಮೆ ಮತ್ತೆ ಆರಂಭಿಸಿದ್ದಾರೆ. ಆ ದಿನಕ್ಕೆ 3 ಬರೆದು, ಅದರ ಮರುದಿನದ ಮನೆಯಲ್ಲಿ ಬೆಳಿಗ್ಗೆಯೇ 1 ಎಂದು ಬರೆದಿಡುತ್ತಾರೆ. ಮುಂದಿನ ಅಳತೆ ಮುಂಗಾರಿನ ಬಿತ್ತನೆ ಮುಗಿದ ಮೇಲೆ.